ಕೊಡತಿ ನಿಂತ ಬೆಳಗು

ಕೊಲೊಂಗಾ, ಟೊಂಗಾ
ಆಗಸ್ಟ್ ೧೪, ಗುರುವಾರ

ಪ್ರೀತಿಯ ಅಮ್ಮನಿಗೆ,

ಲೋಸೆ ಅಜ್ಜಿ ಹೋದ ಸುದ್ದಿ ನಿನಗೆ ತಲುಪಿರುತ್ತದೆ. ಆ ಬೆಳಿಗ್ಗೆ ನಾನೇನು ಮಾಡಿದೆ ಎಂಬುದೂ ತಲುಪಿರಬಹುದು. ಆಕ್ಲೆಂಡಿನ ನಿಮ್ಮ ಚರ್ಚಿಗೆ ನಮ್ಮೂರ ಮಾತು ಮುಟ್ಟಲು ಎಷ್ಟು ಹೊತ್ತು? ಆದರೂ ನನ್ನಿಂದಲೇ ಕೇಳು. ಇವತ್ತಿಗೆ ಹನ್ನೆರಡು ದಿನವಾಯಿತು.

ನನ್ನ ಕಿವಿಯ ಕಷ್ಟ ನಿನಗೆ ಗೊತ್ತು. ಬೇರೆಯವರಿಗೆ ಅದು ಬರೀ ಸದ್ದು. ನನಗೆ ಹಲ್ಲಿನ ಬೇರಿಗೆ ಸೂಜಿ ಚುಚ್ಚಿದಂತೆ. ಮುದ್ರಣಾಲಯದಲ್ಲಿ ಯಂತ್ರದ ಮೇಲೆ ರೇಡಿಯೊ. ನೀನು ಕಳಿಸಿದ ಕಿವಿಮುಚ್ಚಳ ಹಾಕಿಕೊಂಡು ಕರಡು ತಿದ್ದಲು ಕುಳಿತಾಗ ಮೇಲ್ವಿಚಾರಕ ವಿಲಿಯಾಮಿ, "ಏನಮ್ಮಾ, ಹೆಲಿಕಾಪ್ಟರ್ ಇಳಿಸ್ತಿದೀಯಾ?" ಎಂದು ಎಲ್ಲರನ್ನೂ ನಗಿಸಿದ. ಆದರೆ ನಾನು ಕೇಳಿಕೊಂಡ ಮೇಲೆ ಕಾಗದ ಪೇರಿಸುವ ಕೋಣೆಯಲ್ಲಿ ನನ್ನ ಮೇಜು ಹಾಕಿಸಿಕೊಟ್ಟ.

ಮನೆಯಲ್ಲಿ ಹೇಗೆ ಕೇಳಲಿ? ಅಪ್ಪನೇ ತನ್ನ ಅಕ್ಕನೆದುರು ತಲೆಯೆತ್ತುವುದಿಲ್ಲ. ಪಟ್ಟಣದಲ್ಲಿ ಒಂದು ಕೋಣೆ ಹಿಡಿಯಲೇ ಎಂದು ಒಮ್ಮೆ ತೊದಲಿದ್ದಕ್ಕೆ ಅತ್ತೆ, "ಯಾಕೆ, ನಿಂಗೆ ಯಾರೂ ದಿಕ್ಕಿಲ್ವಾ?" ಎಂದಿದ್ದಳು.

ನನ್ನ ಕಿಟಕಿಯ ಕೆಳಗೇ ಅತ್ತೆಯೂ ಪಕ್ಕದ ಮನೆಯ ಲೋಸೆ ಅಜ್ಜಿಯೂ ದಿಮ್ಮಿಯ ಆಚೆ ಈಚೆ ಕುಳಿತು, ಮರದ ತೊಗಟೆಯನ್ನು ಬಡಿದು ನಾರುಬಟ್ಟೆ ಮಾಡುತ್ತಿದ್ದರು. ಬೆಳಕು ಹರಿದಾಗಿನಿಂದ ಎರಡು ಕೊಡತಿಗಳ ಟಕ್ ಟಕ್. ಬಾಯಿಬಿಡಲಾರದೆ ಒಂದು ಶುಕ್ರವಾರ ಸಂಜೆ ಚೀಟಿ ಬರೆದೆ: ದಯವಿಟ್ಟು ದಿಮ್ಮಿಯನ್ನು ಬೇಲಿಯ ತುದಿಯ ದೀವಿಹಲಸಿನ ಮರದಡಿಗೆ ಸಾಗಿಸಿ. ಅಜ್ಜಿಯ ಕೊಡತಿಯ ಕೆಳಗಿಟ್ಟು ಬಂದೆ.

ಮರುದಿನ ಎದ್ದು, ಹಾಕಿಕೊಂಡೇ ಮಲಗಿದ್ದ ಕಿವಿಮುಚ್ಚಳ ತೆಗೆದರೆ ಸದ್ದೇ ಇಲ್ಲ. ಸಮುದ್ರದ ಉಸಿರು ಮಾತ್ರ. ಚೀಟಿ ಫಲಿಸಿತು ಎಂದುಕೊಂಡು, ಹೂವಿನ ಲಂಗದಲ್ಲೇ ಕುಣಿಯುತ್ತಾ ಅಂಗಳಕ್ಕೆ ಇಳಿದೆ. ಅತ್ತೆ ಹೆಂಗಸರ ನಡುವೆ ಬೆನ್ನು ಹಾಕಿ ಕುಳಿತಿದ್ದಳು. "ಅತ್ತೆ, ಕೊನೆಗೂ ನಿಲ್ಲಿಸಿದ್ರಲ್ಲ! ನಿಮಗೂ ಲೋಸೆ ಅಜ್ಜಿಗೂ ಎಷ್ಟು ಥ್ಯಾಂಕ್ಸ್ ಹೇಳಿದ್ರೂ ಸಾಲದು!"

ಅತ್ತೆ ತಿರುಗಿದಳು. ಆಗ ಕಂಡಿತು: ಎಲ್ಲರದೂ ಕಪ್ಪು ಬಟ್ಟೆ, ಸೊಂಟಕ್ಕೆ ಸುತ್ತಿದ ಸೂತಕದ ಹರಕು ಚಾಪೆ. "ಅಯ್ಯೋ ಇವಳ, ಮುದುಕಿ ಸತ್ತಿದ್ದಕ್ಕೆ ಥ್ಯಾಂಕ್ಸ್ ಹೇಳ್ತಾಳಲ್ರೇ!" ಎಂದಳೊಬ್ಬಳು. ಸಾವಿನ ಮನೆಯ ಸುತ್ತ ಹತ್ತು ದಿನ ಕೊಡತಿ ಮುಟ್ಟುವುದಿಲ್ಲ. ಅಜ್ಜಿ ನಿದ್ದೆಯಲ್ಲೇ ಹೋಗಿದ್ದಳು. ಕಿವಿಮುಚ್ಚಳದಿಂದಾಗಿ ಅಳು ಕೇಳಿಸಲಿಲ್ಲ ಎಂದಷ್ಟೇ ಹೇಳಲು ನನಗಾಯಿತು.

ಹೂಳಿ ಬಂದ ಮೇಲೆ ಅತ್ತೆ ಆ ಚೀಟಿ ಹಿಡಿದು ನನ್ನ ಕೋಣೆಗೆ ಬಂದಳು. ಬೈಗುಳಕ್ಕೆ ಕಾದೆ. "ಲೋಸೆ ಆ ರಾತ್ರೀನೇ ಇದನ್ನ ಓದಿ ಎಷ್ಟು ನಕ್ಕಿದ್ಲು ಗೊತ್ತಾ? 'ನಿನ್ ತಮ್ಮನ ಮಗಳು ಮಂತ್ರಿಗೆ ಬರ್ದಂಗೆ ಅರ್ಜಿ ಬರ್ದಿದಾಳೆ ಕಣೇ, ಸೋಮವಾರ ದಿಮ್ಮಿ ಎತ್ತಿಸೋಣ' ಅಂದ್ಲು. ಅಲ್ವೇ, ಒಂದೇ ಸೂರಿನಡಿ ಇದ್ದು ಚೀಟಿ ಬರೀತಾರೇನೇ? ನಂಗೆ ಕಿವಿ ಇಲ್ವಾ, ನಿಂಗೆ ಬಾಯಿ ಇಲ್ವಾ?"

ಈ ಸಲ ತೊದಲಲಿಲ್ಲ ಅಮ್ಮ. "ನಂಗೆ ಪಟ್ಟಣದಲ್ಲಿ ಕೋಣೆ ಬೇಕು ಅತ್ತೆ. ನಿಮ್ ಮೇಲೆ ಕೋಪ ಇಲ್ಲ. ಸದ್ದು ತಡೆಯಕ್ಕಾಗಲ್ಲ, ಅಷ್ಟೇ."

ಅತ್ತೆ ಚೀಟಿ ಮಡಿಸುತ್ತಾ ಅಂದಳು: "ಲೋಸೆ ಬಟ್ಟೆ ಅರ್ಧಕ್ಕೆ ನಿಂತಿದೆ. ನಂಗೆ ಎದುರಿಗೊಂದು ಕೈ ಬೇಕು. ಮುಗಿಸಿಕೊಟ್ಟು ಹೋಗು."

ಹತ್ತು ದಿನ ಕಳೆದ ಮೇಲೆ ನಿನ್ನೆ, ದಿಮ್ಮಿ ಸಾಗಿಸಿದ್ದ ದೀವಿಹಲಸಿನ ಮರದಡಿ, ಅಜ್ಜಿಯ ಜಾಗದಲ್ಲಿ ಕುಳಿತೆ. ನಾಚಿಕೆಯಿಂದ ಕಿವಿಮುಚ್ಚಳ ತಂದಿರಲಿಲ್ಲ. ಅತ್ತೆ ತಾನೇ ಎದ್ದುಹೋಗಿ ತಂದು ನನ್ನ ತಲೆಗೆ ತೊಡಿಸಿದಳು. "ನಾಚ್ಕೊಂಡು ಯಾಕೆ ನೋವು ತಿಂತೀಯಾ? ಹೂಂ, ಬಡಿ."

ನಾಳೆಗೆ ಬಟ್ಟೆ ಮುಗಿಯುತ್ತದೆ. ಶನಿವಾರ ಪಟ್ಟಣದಲ್ಲಿ ಹಿಡಿದ ನನ್ನ ಕೋಣೆಗೆ ಹೋಗುತ್ತೇನೆ.

ನಿನ್ನ
ಲೆಸಿಯೇಲಿ

ಮರೆತದ್ದಲ್ಲ, ಮುಚ್ಚಿಟ್ಟದ್ದು: ಅಳು ಕೇಳಿಸಲಿಲ್ಲ ಎಂದದ್ದು ಸುಳ್ಳು. ಬೆಳಗಿನ ಜಾವ ಪಕ್ಕದ ಮನೆಯಲ್ಲಿ ಯಾರೋ ಚೀರಿದ್ದು ನನಗೆ ಕೇಳಿಸಿತ್ತು. ಏಳಲಿಲ್ಲ. ಮುಚ್ಚಳವನ್ನು ಇನ್ನಷ್ಟು ಒತ್ತಿಕೊಂಡೆ. ಆ ಸದ್ದು ಅಡಗಿದಾಗ ದೇವರಿಗೆ ಥ್ಯಾಂಕ್ಸ್ ಹೇಳಿ ಮಗ್ಗುಲಾದೆ.