ಬೆರಳಿನ ಗುರುತಿಲ್ಲದ ಸಾಬೂನು

ಇಂಡಿ
೮-೨-೧೯೭೪

ಸುಂದರವ್ವನ ಅಪ್ಪನಿಗೆ ಸಾವಂತ್ರವ್ವನ ಜೈಭೀಮ್.

ನಿಮ್ಮ ಕಾಗದ ಬಂದು ಬಹಳ ದಿನವಾಯಿತು. ತಡವಾಯಿತೆಂದು ಸಿಟ್ಟಾಗಬೇಡಿ, ಹೇಳಿಕೊಳ್ಳುವಂಥದ್ದು ಏನಾದರೂ ಆಗಲಿ ಎಂದು ಕಾಯುತ್ತಿದ್ದೆ. ದವಾಖಾನೆ ಸೇರಿದ ಮೇಲೆ ಕೆಮ್ಮು ಕಡಿಮೆಯಾಗಿದೆಯೇ? ಅಲ್ಲಿಯವರು ಕೊಟ್ಟ ಗುಳಿಗೆ ತಪ್ಪಿಸಬೇಡಿ.

ಸೊಲ್ಲಾಪುರದ ಸಾಬೂನು ಕಾರಖಾನೆಯಲ್ಲಿ ಕಲಿತದ್ದನ್ನು ನೀವು ಬರೆದು ಕಳಿಸಿದ್ದಿರಲ್ಲ, ಹಾಗೆಯೇ ಮಾರಾಟಕ್ಕೆಂದು ಬೇವಿನೆಣ್ಣೆಗೆ ಕಾಸ್ಟಿಕ್ ಸೋಡಾ ಕಲಸಿದೆ. ಯಾವುದರಲ್ಲಿ ಹೊಯ್ಯಬೇಕು ಎಂಬುದೇ ದೊಡ್ಡ ಚಿಂತೆಯಾಯಿತು. ಮನೆಯಲ್ಲಿದ್ದ ಅಲ್ಯೂಮಿನಿಯಮ್ಮಿನ ಜರ್ಮನ್ ತಾಟಿನಲ್ಲಿ ಹೊಯ್ದೆ. ಬುರುಬುರು ನೊರೆಯೆದ್ದು ತಾಟು ಕಪ್ಪಾಯಿತು, ತಳ ತೂತುಬಿತ್ತು. ಆಮೇಲೆ ಮಣ್ಣಿನ ಬಟ್ಟಲು. ಸಾಬೂನು ಅಂಟಿಕೊಂಡು ಬಟ್ಟಲು ಒಡೆದೇ ತೆಗೆಯಬೇಕಾಯಿತು. ಕಡೆಗೆ ಕೈಯಲ್ಲೇ ಉಂಡೆ ಕಟ್ಟಿದೆ. ಅಂಗೈ ಉರಿದು ರೊಟ್ಟಿ ಬಡಿಯಲಾಗಲಿಲ್ಲ. ಇದೂ ಕೈಕೊಟ್ಟರೆ ಮಗಳ ಶಾಲೆ ಬಿಡಿಸಿ ಊರು ಬಿಡಬೇಕಲ್ಲ ಎಂದು ಅಳು ಬಂತು.

ಕಿರಾಣಿ ಅಂಗಡಿಯ ಸಿದ್ದಲಿಂಗವ್ವ ಉಂಡೆಗಳನ್ನು ಕಟ್ಟೆಯ ಮೇಲೆ ಇಡಿಸಿ ದೂರದಿಂದಲೇ ನೋಡಿದಳು.

"ಸಾಬಾಣ ಛಲೋ ಅದಾವ. ಆದ್ರ ಮ್ಯಾಲ ನಿನ್ನ ಬಟ್ಟಿನ ಗುರ್ತ ಮೂಡ್ಯಾವಲ್ಲ. ನಿಮ್ಮ ಕೇರ್ಯಾಗ ಮಾಡಿದ್ದು ಅಂದ್ರ ಯಾರೂ ಒಯ್ಯಂಗಿಲ್ಲ. ಮಷೀನಿನ್ಯಾಗ ಮಾಡಿದಂಗ ಇದ್ರ ತಾ. ಹಿಂದಿನ ಬಾಗಲಕ್ಕ ಬಾ."

ಉಂಡೆಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದೆ. ಪಕ್ಕದ ಓಣಿಯ ಅಬಿದಾ ಕೇಳಿದಾಗ ಮಾತ್ರ ತಡೆಯಲಾಗದೆ ಎಲ್ಲ ಹೇಳಿದೆ. ಅವಳ ಗಂಡ ಅಬ್ದುಲರಜಾಕ ಬಡಿಗತನ ಮಾಡುತ್ತಾನೆ. ಟಾಂಗಾದ ಹಳೆಯ ಹಲಗೆಯಿಂದ ಪಕ್ಕಗಳು ಬಿಚ್ಚಿಕೊಳ್ಳುವಂಥ ಪೆಟ್ಟಿಗೆ ಮಾಡಿಕೊಟ್ಟ. "ಒಳಗ ತೊಯ್ಸಿದ ಅರಿಬಿ ಹಾಸ್ರಿ ಅಕ್ಕಾ, ಅಂಟಂಗಿಲ್ಲ," ಎಂದ. ಒದ್ದೆ ಬಟ್ಟೆ ಹಾಸಿ ಹೊಯ್ದೆ, ಅಂಟಲಿಲ್ಲ. ತಂತಿಯಿಂದ ಕೊಯ್ದೆ; ಇಟ್ಟಂಗಿಯಂಥ ಬಿಲ್ಲೆಗಳು ಬಂದವು.

"ನಾನ ಮಾಡೇನಂತ ಹೇಳಿ ಮುಂದಿನ ಬಾಗಲಕ್ಕ ಒಯ್ಲೇನು?" ಎಂದು ಅಬಿದಾ ಕೇಳಿದಳು.

ಬೇಡವೆಂದೆ. ಯಾಕೆಂದು ನನಗೇ ಗೊತ್ತಿಲ್ಲ. ಹಿಂದಿನ ಬಾಗಿಲಿಗೆ ನಾನೇ ಒಯ್ದೆ. ಸಿದ್ದಲಿಂಗವ್ವ ಎಲ್ಲವನ್ನೂ ಇಟ್ಟುಕೊಂಡು ಇನ್ನಷ್ಟು ತಾ ಎಂದಳು. ಖುಷಿಯಾಗಬೇಕಿತ್ತು. ಅವಳು ಕೊಟ್ಟ ರೊಕ್ಕವನ್ನು ಎಣಿಸದೆ ಗೂಡಿನಲ್ಲಿ ಇಟ್ಟುಬಿಟ್ಟೆ.

ಪೆಟ್ಟಿಗೆಯಲ್ಲೇ ಮಾಡುತ್ತ ಹೋಗಲೇ? ಹೊಟ್ಟೆ ತುಂಬುತ್ತದೆ, ನಿಜ. ಆದರೆ ಎಷ್ಟು ದಿನ ನನ್ನ ಕೈಯನ್ನು ನಾನೇ ಬಚ್ಚಿಡಲಿ? ದಾರಿ ಕಾಣದಾಗಿದೆ, ನೀವೇ ಹೇಳಿ.

ಬುದ್ಧನ ಕರುಣೆ ನಿಮ್ಮ ಮೇಲಿರಲಿ. ಗುಣವಾಗಿ ಬೇಗ ಬನ್ನಿ.

ನಿಮ್ಮ
ಸಾವಂತ್ರವ್ವ

ತಾ.ಕ.: ಇದನ್ನು ಬರೆಯಬಾರದು ಎಂದುಕೊಂಡಿದ್ದೆ. ಶಾಲೆಯಲ್ಲಿ ನಮ್ಮ ಸುಂದರವ್ವನಿಗೆ ನೀರಿನ ಗಡಿಗೆ ಮುಟ್ಟಗೊಡುವುದಿಲ್ಲ. ನಿನ್ನೆ ಮುಂಜಾನೆ ಬಚ್ಚಲಲ್ಲಿ ಕೂತು, ಹೊಸ ಬಿಲ್ಲೆಯಿಂದ ಕೈ ತಿಕ್ಕಿಕೊಳ್ಳುತ್ತಿದ್ದಳು. ಬೆರಳ ಸಂದಿಯಲ್ಲಿ ರಕ್ತ ಒಸರುತ್ತಿತ್ತು. ಬಿಲ್ಲೆ ಕಸಿದುಕೊಂಡೆ. "ಇನ್ನಷ್ಟ ತಿಕ್ತೇನಿ ಬಿಡ ಯವ್ವಾ. ಆಮ್ಯಾಲರೆ ಗಡಿಗಿ ಮುಟ್ಟಬಹುದಲ್ಲ?" ಎಂದಳು. ಕೈಗೆ ಕೊಬ್ಬರಿ ಎಣ್ಣೆ ಹಚ್ಚಿ ಶಾಲೆಗೆ ಕಳಿಸಿದೆ.