ಊಟದ ಪ್ರಾರ್ಥನೆ

ಮಂಗಳವಾರ, ಹದಿನಾಲ್ಕು.

ಭಾನುವಾರ ಪಾದ್ರಿಗಳು ಹೇಳಿದ್ದು ಇನ್ನೂ ಚುಚ್ಚುತ್ತಿದೆ. ಈ ವಾರ ಒಬ್ಬರಿಗಾದರೂ ನಿಮ್ಮ ನಂಬಿಕೆಯ ಬಗ್ಗೆ ಹೇಳಿ ಎಂದಿದ್ದರು. ನನಗದು ಒಗ್ಗುವುದಿಲ್ಲ. ಇಷ್ಟದ ಕವಿತೆಯನ್ನೂ ನಾನು ಯಾರಿಗೂ ಓದಿ ಹೇಳಿದವಳಲ್ಲ.

ಇವತ್ತು ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ನಾನು ಮತ್ತು ಕೆಮಿಸ್ಟ್ರಿ ಮೇಡಂ ಇಬ್ಬರೇ. ನಾಳೆ ಅವರಿಗೆ ಆಪರೇಷನ್. ಗಡ್ಡೆ ಎಂಥದೆಂದು ತೆಗೆದ ಮೇಲೇ ಗೊತ್ತಾಗುವುದು. ಡಬ್ಬಿ ತೆರೆದವರು ಊಟ ಮುಟ್ಟಲಿಲ್ಲ.

“ನೀವು ಪ್ರಾರ್ಥನೆ ಮಾಡ್ತೀರಲ್ಲ, ನನಗೂ ಒಂದು ಮಾಡ್ರೀ. ಈಗಲೇ, ಜೋರಾಗಿ. ನನಗೂ ಕೇಳಿಸಲಿ.”

ಅವರ ಕೈ ಹಿಡಿದು ಕಣ್ಣು ಮುಚ್ಚಿದೆ. ಎದುರಿಗೆ ಡಬ್ಬಿ, ಊಟಕ್ಕೆ ಮುಂಚೆ ಪ್ರಾರ್ಥಿಸುವ ಚಿಕ್ಕಂದಿನ ಅಭ್ಯಾಸ. ನಾಲಿಗೆ ತಾನಾಗಿಯೇ ಓಡಿತು. “ಕರ್ತನೇ, ನಮ್ಮ ಮುಂದಿರುವ ಇದನ್ನು ಆಶೀರ್ವದಿಸು, ಇದು ನಮ್ಮ ದೇಹಕ್ಕೆ ಪುಷ್ಟಿ ಕೊಡಲಿ...”

“ಅಯ್ಯೋ, ನನ್ನನ್ನೇ ತಿಂದುಬಿಡ್ತೀರೇನ್ರೀ!”

ಇಬ್ಬರಿಗೂ ನಗು ತಡೆಯಲಾಗಲಿಲ್ಲ. ನಗುತ್ತಲೇ ಅವರು ಅತ್ತರು, ಕೈ ಮಾತ್ರ ಬಿಡಲಿಲ್ಲ. “ಇನ್ನೊಂದ್ಸಲ ಮಾಡಿ, ಸರಿಯಾಗಿ.” ಎರಡನೆಯ ಸಲ ನನಗೆ ಬಂದದ್ದು ಒಂದೇ ಮಾತು: ಇವರಿಗೆ ಭಯವಾಗಿದೆ, ಜೊತೆಗಿರು. ಆಮೆನ್ ಅವರೇ ಹೇಳಿದರು. ಆಮೇಲೆ ಡಬ್ಬಿ ಪೂರ್ತಿ ಖಾಲಿ ಮಾಡಿದರು.

ಇದು ಪಾದ್ರಿಗಳ ಪ್ರಕಾರ ಸಾಕ್ಷಿ ಹೇಳಿದ ಲೆಕ್ಕವೋ ಅಲ್ಲವೋ ತಿಳಿಯದು. ನಂಬಿಕೆಯ ಬಗ್ಗೆ ನಾನು ಏನೂ ಹೇಳಲಿಲ್ಲ, ಅವರೂ ಕೇಳಲಿಲ್ಲ.

ಬೆಳಿಗ್ಗೆ ಆಸ್ಪತ್ರೆಗೆ ಬರುತ್ತೇನೆ ಅಂದಿದ್ದೇನೆ. ಎರಡು ಡಬ್ಬಿ ಕಟ್ಟಬೇಕು, ಅವರ ಯಜಮಾನರಿಗೊಂದು, ನನಗೊಂದು. ಹೊರಗೆ ಕೂತು ಕಾಯುವವರಿಗೂ ಹಸಿವಾಗುತ್ತದೆ. ಆಗ ಆ ಮೊದಲನೆಯ ಪ್ರಾರ್ಥನೆಯೂ ಕೆಲಸಕ್ಕೆ ಬರುತ್ತದೆ.