ಬಂಗಾರಮ್ಮನಿಗೆ ಕೊಟ್ಟ ಕೆಂಡ

ಭದ್ರಾವತಿ, ಕಾರ್ಖಾನೆ ಲೈನು ಮನೆ
ಭಾನುವಾರ, 24 ಏಪ್ರಿಲ್ 1949

ಸೌಭಾಗ್ಯವತಿ ಸೊಸೆ ಜಯಶೀಲಾಳಿಗೆ,

ನಿನ್ನ ಮಾವ ಉಜ್ಜನಪ್ಪನ ಆಶೀರ್ವಾದಗಳು. ನೀನು ಹೇಗಿದ್ದೀಯ? ಹೊಳಲೂರಿನಲ್ಲೂ ಇಲ್ಲಿಯ ಹಾಗೆ ಬಿಸಿಲು ಕಾಯುತ್ತಿರಬೇಕು. ಬೇಸಿಗೆ ಬಂದರೆ ನಿನಗೆ ತಲೆನೋವು ಬರುತ್ತದೆ ಎಂದು ನಿನ್ನ ಅತ್ತೆ ಹೇಳುತ್ತಿದ್ದಳು; ಮಧ್ಯಾಹ್ನ ಹೊಲದ ಕಡೆ ಹೋಗಬೇಡ. ನಿಮ್ಮ ತಂದೆಯ ಮಂಡಿನೋವು ಹೇಗಿದೆ? ನಿಮ್ಮ ತಾಯಿಗೂ ತಮ್ಮಂದಿರಿಗೂ ಕೇಳಿದೆನೆಂದು ಹೇಳು. ಹೇಳಿದರೆ ಅವರು ಮುಖ ತಿರುಗಿಸಬಹುದು, ಆದರೂ ಹೇಳು. ನಾನು ಓದಿದ್ದು ಮೂರನೇ ಕ್ಲಾಸು, ಅದೂ ಮೇಷ್ಟರ ಬೆತ್ತ ಮುರಿದು ಓಡಿಬಂದ ಮೇಲೆ ಮುಗಿಯಿತು. ನೀನು ಲೋಯರ್ ಸೆಕೆಂಡರಿ ಪಾಸಾದವಳು. ಕಾಗುಣಿತ ತಪ್ಪಿದ್ದರೆ ಮನಸ್ಸಿನಲ್ಲೇ ತಿದ್ದಿಕೋ. ಯಾರ ಕೈಯಲ್ಲಾದರೂ ಬರೆಸಬಹುದಿತ್ತು, ಆದರೆ ಇದನ್ನು ಬೇರೆಯವರ ಮುಂದೆ ಬಾಯಿಬಿಟ್ಟು ಹೇಳುವ ಧೈರ್ಯ ನನಗಿಲ್ಲ.

ಇಲ್ಲಿ ಎಲ್ಲರೂ ಉಸಿರಾಡಿಕೊಂಡಿದ್ದೇವೆ. ಮೂರ್ತಪ್ಪ ಕೆಲಸಕ್ಕೆ ಹೋಗುತ್ತಾನೆ, ಬರುತ್ತಾನೆ, ಉಂಡು ಮತ್ತೆ ಹೊರಗೆ ಹೋಗುತ್ತಾನೆ. ನಿನ್ನನ್ನು ಕರೆತರಲು ಬಾರದೆ ಇರುವುದು ಅವನ ತಪ್ಪಲ್ಲ. ಹೊಳಲೂರಿಗೆ ಕಾಲಿಟ್ಟರೆ ಮನೆಗೆ ಸೇರಿಸುವುದಿಲ್ಲ ಎಂದು ನಾನೇ ಗದರಿದ್ದೆ. ನಿನ್ನ ಗಂಡ ಎಂಥ ಮೆತ್ತನೆಯವನು ಎಂದು ನಿನಗೇ ಗೊತ್ತು. ನಿನ್ನ ಅತ್ತೆ ನೀನು ಹೋದ ದಿನದಿಂದ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ತಟ್ಟೆ ಇಡುತ್ತಾಳೆ, ಬಡಿಸುತ್ತಾಳೆ, ಉಪ್ಪು ಸಾಕೇ ಎಂದು ಕೇಳುವುದಿಲ್ಲ. ಒಂದು ದಿನ ಸಾರಿಗೆ ಉಪ್ಪೇ ಹಾಕಿರಲಿಲ್ಲ. ನಾನೂ ಕೇಳದೆ ಉಂಡೆ. ನಗಬೇಡ ಮಾರಾಯ್ತಿ. ಮಾತಿಲ್ಲದ ಮನೆಯಲ್ಲಿ ಕೂತು ಉಣ್ಣುವುದು ಹೇಗಿರುತ್ತದೆ ಎಂದು ಈಗ ನನಗೆ ಗೊತ್ತಾಗಿದೆ, ಅದಕ್ಕೇ ಬರೆದೆ. ನೀನು ವಾಪಸು ಬರಬೇಕು. ಕಾಗದ ಬರೆಯಲು ಕೂತಿದ್ದು ಅದಕ್ಕೆ. ಆದರೆ ನಡೆದದ್ದನ್ನು ಬರೆಯದೆ ಬಾ ಎಂದರೆ ಯಾವ ಮುಖ ಇಟ್ಟುಕೊಂಡು ಕರೆದ ಹಾಗಾಯಿತು?

ಹಾಲಸ್ವಾಮಿಯನ್ನು ಪೊಲೀಸರು ಕರೆದೊಯ್ದ ಬೆಳಿಗ್ಗೆ ನೀನೂ ಬಾಗಿಲಲ್ಲೇ ನಿಂತಿದ್ದೆ. ಒಂದೇ ಗೋಡೆಯ ಆಚೆಗಿನ ಮನೆ. ಅವನು ಕುಲುಮೆಯ ಬಾಯಲ್ಲಿ ನಿಂತು ದುಡಿಯುವವನು, ನಾನು ಕೆಲಸ ಬಿಡುವವರೆಗೂ ನನ್ನ ಕೈಕೆಳಗೇ ಇದ್ದವನು. ಅವನ ಬಾಯಿ ಸುಮ್ಮನಿರುತ್ತಿರಲಿಲ್ಲ ಎನ್ನುವುದು ನಿಜ. ಕಬ್ಬಿಣದ ಕಿಡಿ ಹಾರಿ ಒಬ್ಬನ ಕಣ್ಣು ಹೋದಾಗ ಕನ್ನಡಕ ಕೊಡಿ ಎಂದು ಕೇಳಿದವನು ಅವನು. ನಮ್ಮ ಲೈನಿಗೆ ನಲ್ಲಿ ಬೇಕು ಎಂದು ಆಫೀಸಿಗೆ ಅಲೆದವನೂ ಅವನೇ. ಯಾಕೆ ಹಿಡಿದರು ಎಂದು ಯಾರೂ ಹೇಳಲಿಲ್ಲ. ಶಿವಮೊಗ್ಗದ ಜೈಲಿನಲ್ಲಿ ಇಟ್ಟಿದ್ದಾರೆ, ಅವನು ಕಮ್ಯುನಿಸ್ಟ್ ಅಂತೆ, ಇಷ್ಟೇ ಸುದ್ದಿ. ಕಮ್ಯುನಿಸ್ಟ್ ಎಂದರೆ ಏನು ಎಂದು ನನಗೆ ಈಗಲೂ ಸರಿಯಾಗಿ ಗೊತ್ತಿಲ್ಲ, ನಿನ್ನ ಮುಂದೆ ಯಾಕೆ ಸುಳ್ಳು ಹೇಳಲಿ. ಹೈದರಾಬಾದಿನ ಕಡೆ ಮನೆಗಳಿಗೆ ನುಗ್ಗುತ್ತಾರಂತೆ, ದೇವರನ್ನು ಒಡೆಯುತ್ತಾರಂತೆ, ಇದ್ದವರದ್ದನ್ನೆಲ್ಲ ಕಿತ್ತುಕೊಳ್ಳುತ್ತಾರಂತೆ ಎಂದು ಹೋಟೆಲಿನಲ್ಲಿ ಪೇಪರು ಓದಿ ಹೇಳುತ್ತಿದ್ದರು. ಕೇಳುತ್ತ ಕೇಳುತ್ತ ಹಾಲಸ್ವಾಮಿಯ ಮುಖವೇ ನನಗೆ ಬೇರೆಯಾಗಿ ಕಾಣತೊಡಗಿತು. ನಮ್ಮ ಮನೆಯ ಗಡಿಗೆಯಿಂದ ಎಷ್ಟು ಸಲ ಮಜ್ಜಿಗೆ ಬಗ್ಗಿಸಿಕೊಂಡು ಕುಡಿದವನು ಅವನು, ಅದೂ ನೆನಪಿಗೆ ಬರಲಿಲ್ಲ.

ಆಮೇಲೆ ಕ್ರೇನಿನ ಹೊನ್ನಯ್ಯ ಇನ್ನೊಂದು ಸುದ್ದಿ ತಂದ. ಹಾಲಸ್ವಾಮಿಯ ಪಕ್ಕದವರನ್ನೂ ಗುರುತು ಮಾಡಿಕೊಳ್ಳುತ್ತಿದ್ದಾರೆ, ಲೈನನ್ನೇ ಖಾಲಿ ಮಾಡಿಸಬಹುದು ಎಂದ. ಯಾರು ಹೇಳಿದರು ಎಂದರೆ, ಹೇಳುತ್ತಾರೆ ಎಂದ. ಮೂರ್ತಪ್ಪನ ಕೆಲಸ ಬರುವ ತಿಂಗಳು ಖಾಯಂ ಆಗಬೇಕು. ನನ್ನ ತಲೆಯಲ್ಲಿ ಅದೊಂದೇ. ಲೈನಿಗೆ ಹಿರಿಯ ಎಂದು ನನ್ನನ್ನು ಯಜಮಾನ ಅನ್ನುತ್ತಾರೆ, ಅದರ ಗರ್ವವೂ ಇತ್ತು. ಹೊಂಗೆ ಮರದ ಕೆಳಗೆ ಎಲ್ಲರನ್ನೂ ಸೇರಿಸಿದೆ. ನಮ್ಮ ಹಳ್ಳಿಯಲ್ಲಿ ನನ್ನ ಅಪ್ಪನ ಕಾಲದಲ್ಲಿ ಮಾಡುತ್ತಿದ್ದುದನ್ನೇ ಇಲ್ಲಿ ಮಾಡಿದೆ. ಹಾಲಸ್ವಾಮಿ ಬಿಡುಗಡೆಯಾಗಿ ಬರುವ ತನಕ ಅವನ ಮನೆಗೆ ಬೆಂಕಿಯಿಲ್ಲ, ನೀರಿಲ್ಲ, ಮಾತಿಲ್ಲ. ಒಲೆ ಹಚ್ಚಲು ಯಾರೂ ಕೆಂಡ ಕೊಡಬಾರದು, ನಲ್ಲಿಯ ಸಾಲಿನಲ್ಲಿ ಅವರ ಕೊಡ ಇರಬಾರದು. ಈಗ ಪ್ರಜೆಗಳ ಸರ್ಕಾರ ಬಂದಿದೆ, ನಾನೊಬ್ಬನೇ ತೀರ್ಮಾನ ಮಾಡುವುದಿಲ್ಲ, ಕೈ ಎತ್ತಿ ಎಂದು ದೊಡ್ಡದಾಗಿ ಭಾಷಣವನ್ನೂ ಬಿಗಿದೆ. ಎಲ್ಲರ ಕೈಯೂ ಮೇಲೆ ಹೋಯಿತು. ನನಗೆ ಎಷ್ಟು ಸಂತೋಷವಾಯಿತು ಎಂದರೆ, ಎತ್ತಿದವರು ನೆಲ ನೋಡುತ್ತಿದ್ದಾರೆ ಎನ್ನುವುದು ಕಣ್ಣಿಗೆ ಬೀಳಲಿಲ್ಲ.

ಆಗ ಹಿಂದಿನಿಂದ ನೀನು ಹೇಳಿದ್ದು: "ಮಾವ, ಹಾಲಸ್ವಾಮಿಯವ್ರು ತಪ್ಪು ಮಾಡಿದ್ರೆ ಕೋರ್ಟು ಹೇಳ್ಲಿ. ಮನೇಲಿರೋ ಅವ್ರ ಹೆಂಡ್ತಿ ಬಂಗಾರಮ್ಮ ಏನ್ ಮಾಡಿದಾಳೆ?" ಹೊನ್ನಯ್ಯ ನಕ್ಕು, "ಯಜಮಾನ್ರ ಮನೇಲೇ ಒಬ್ರು ಲಾಯರಮ್ಮ ಇದಾರೆ" ಎಂದ. ಎಲ್ಲರೂ ನಕ್ಕರು. ಅವರು ನಕ್ಕದ್ದು ನನಗೆ ಉರಿಯಿತು, ನೀನು ಕೇಳಿದ್ದು ಕಿವಿಗೇ ಹೋಗಲಿಲ್ಲ. ಒಳಗೆ ನಡಿ ಎಂದು ಕಿರುಚಿದೆ. ಮೊನ್ನೆ ಮೊನ್ನೆ ಜವಾಬ್ದಾರಿ ಸರ್ಕಾರ ಬೇಕು ಎಂದು ಇದೇ ಬೀದಿಯಲ್ಲಿ ಮೆರವಣಿಗೆಯಲ್ಲಿ ಕೂಗಿದವನು ನಾನು. ನಮಗೆ ಪ್ರಶ್ನೆ ಕೇಳಲು ಬಿಡಿ ಎಂದು ಕೂಗಿದೆವು. ಕೇಳಿದ ಮೊದಲನೆಯವಳನ್ನು ಒಳಗೆ ಅಟ್ಟಿದೆ.

ನೀನು ಒಳಗೆ ಹೋದೆ, ಆದರೆ ಸುಮ್ಮನಿರಲಿಲ್ಲ. ಬಂಗಾರಮ್ಮನ ಕೂಸಿಗೆ ಜ್ವರ, ಗಂಜಿ ಕಾಯಿಸಲು ಬೆಂಕಿಯಿಲ್ಲ, ಅಂಗಡಿಯವನು ಬೆಂಕಿಪೊಟ್ಟಣವನ್ನೂ ಕೊಡಲಿಲ್ಲ ಎಂದು ತಿಳಿದು ಹಿತ್ತಲಿಂದ ಒಡೆದ ಓಡಿನಲ್ಲಿ ಕೆಂಡ ಕೊಟ್ಟೆ. ನಿನ್ನ ಅತ್ತೆಗೆ ಗೊತ್ತಿತ್ತಂತೆ, ನನಗೆ ಗೊತ್ತಿರಲಿಲ್ಲ. ಹೊನ್ನಯ್ಯ ಎಲ್ಲರೆದುರು, "ಊರಿಗೆಲ್ಲ ಬೆಂಕಿ ನಿಲ್ಸಿ ನಿಮ್ಮನೆಯಿಂದ ಹಂಚ್ತಿದೀರಲ್ಲ ಯಜಮಾನ್ರೇ" ಎಂದಾಗ ನನಗೆ ಮೈಮೇಲಿನ ಎಚ್ಚರ ತಪ್ಪಿತು. ಆಡಿದ ಮಾತನ್ನು ಇಲ್ಲಿ ಬರೆಯುವುದಿಲ್ಲ. ನನ್ನ ಮನೆಯಲ್ಲಿ ಕಮ್ಯುನಿಸ್ಟರಿಗೆ ಜಾಗವಿಲ್ಲ, ತವರಿಗೆ ನಡಿ ಎಂದದ್ದು ಮಾತ್ರ ಬರೆಯುತ್ತೇನೆ, ಯಾಕೆಂದರೆ ಅದನ್ನು ಲೈನಿನವರೆಲ್ಲ ಕೇಳಿದ್ದಾರೆ. ನೀನು ಅತ್ತೆಯ ಕಾಲು ಮುಟ್ಟಿದೆ, ನನ್ನ ಕಾಲನ್ನೂ ಮುಟ್ಟಿದೆ, ಬಸ್ಸಿಗೆ ನಡೆದೆ. ಕಾಲು ಮುಟ್ಟದೆ ಹೋಗಿದ್ದರೆ ನಾನು ಇಷ್ಟು ಹೊತ್ತಿಗೆ ಮರೆತುಬಿಡುತ್ತಿದ್ದೆನೋ ಏನೋ.

ಆಮೇಲಿನದ್ದು ಕೇಳು. ನೀನು ಹೋದ ಮುಂದಿನ ವಾರ ನಲ್ಲಿಯ ಪೈಪು ಒಡೆಯಿತು. ಆಫೀಸಿಗೆ ಹೋಗಿ ಹೇಳಬೇಕು, ಅಷ್ಟೇ ಕೆಲಸ. ಯಾರೂ ಹೋಗಲಿಲ್ಲ. ಹೋದರೆ, ಇವನೂ ಕೇಳುವವರ ಪೈಕಿ ಎಂದುಕೊಂಡಾರು. ಅರ್ಜಿ ಬರೆದಾಯಿತು, ಮೊದಲನೆಯ ಹೆಬ್ಬೆಟ್ಟು ಯಾರದು ಎಂದಾಗ ಒಬ್ಬನಿಗೆ ಹೊಟ್ಟೆನೋವು, ಇನ್ನೊಬ್ಬನಿಗೆ ಪಾಳಿ. ಕೊನೆಗೆ ಯಾರ ರುಜುವೂ ಇಲ್ಲದ ಅರ್ಜಿ ಹಿಡಿದು ನಾನೇ ಹೋದೆ. ಗೇಟಿನಲ್ಲಿ ಕಾವಲಿನವನು, "ಏನ್ ಬೇಕಿತ್ತು ಅಜ್ಜ?" ಎಂದ. ಎಷ್ಟು ಗಂಟೆಯಾಯಿತು ಎಂದು ಕೇಳಲು ಬಂದೆ ಎಂದೆ. ಅವನು ಹೇಳಿದ, ನಾನು ವಾಪಸು ಬಂದೆ. ನಲವತ್ತು ವರ್ಷ ಯಾರಿಗೂ ಹೆದರದೆ ಬೈದುಕೊಂಡು ಬದುಕಿದವನು ನಾನು. ಒಂದು ಪೈಪು ಒಡೆದಿದೆ ಎಂದು ಹೇಳಲು ನಾಲಗೆ ಏಳಲಿಲ್ಲ.

ಈಗ ಇಡೀ ಲೈನು ಭದ್ರಾ ಹೊಳೆಗೆ ನೀರಿಗೆ ಹೋಗುತ್ತದೆ. ಬಂಗಾರಮ್ಮ ಮೊದಲಿನಿಂದಲೂ ಅಲ್ಲಿಗೇ ಹೋಗುತ್ತಿದ್ದಳಲ್ಲ, ದಾರಿ ಅವಳೇ ಸವೆಸಿದ್ದು. ಅವಳು ಮುಂದೆ, ಅವಳ ಹಿಂದೆ ನಾವೆಲ್ಲ ಬಾಯಿ ಮುಚ್ಚಿಕೊಂಡು. ನಿನ್ನ ಅತ್ತೆಗೆ ಸೊಂಟ ಹಿಡಿದ ದಿನ ನಾನು ಕೊಡ ಹೊತ್ತು ಹೋದೆ. ಹೊಳೆ ಬತ್ತಿ ಅಂಚೆಲ್ಲ ಕೆಸರು. ಅವಳು ಕೂಸನ್ನು ಬೆನ್ನಿಗೆ ಕಟ್ಟಿಕೊಂಡು ನೀರು ತುಂಬುತ್ತಿದ್ದಳು. ನನ್ನನ್ನು ನೋಡಿ ಪಕ್ಕಕ್ಕೆ ಸರಿದು, "ಅಲ್ಲಿ ಕಾಲು ಹೂತ್ಕೊಳ್ತದೆ, ಈ ಕಡೆ ಬನ್ನಿ ಯಜಮಾನ್ರೇ" ಎಂದಳು. ಮಾತಾಡಬಾರದು ಎಂದು ಕಟ್ಟು ಮಾಡಿದವನು ನಾನು. ಆ ದಡದಲ್ಲಿ ಹೊನ್ನಯ್ಯನ ಹೆಂಡತಿ ಬಟ್ಟೆ ಒಗೆಯುತ್ತ ನಮ್ಮನ್ನೇ ನೋಡುತ್ತಿದ್ದಳು. ಬಂಗಾರಮ್ಮ ತೋರಿಸಿದ ಜಾಗದಲ್ಲೇ ಕೊಡ ಅದ್ದಿ, ಒಂದು ಹೂಂ ಕೂಡ ಅನ್ನದೆ ಎದ್ದು ಬಂದೆ. ಆ ನೀರನ್ನು ಮನೆಯಲ್ಲಿ ಎಲ್ಲರೂ ಕುಡಿದೆವು.

ಮೊನ್ನೆ ಮತ್ತೆ ಸಭೆ ಸೇರಿಸಿದೆ. ಕಟ್ಟು ತೆಗೆಯೋಣ, ಒಪ್ಪುವವರು ಕೈ ಎತ್ತಿ ಎಂದೆ. ಒಂದು ಕೈಯೂ ಏಳಲಿಲ್ಲ. ಅವರಿಗೂ ಬೇಡವಾಗಿದೆ, ಒಬ್ಬೊಬ್ಬರೇ ಸಿಕ್ಕಾಗ ಹಾಗೇ ಅನ್ನುತ್ತಾರೆ. ಗುಂಪಿನಲ್ಲಿ ಮೊದಲನೆಯವನಾಗಲು ಯಾರೂ ತಯಾರಿಲ್ಲ. ಷಂಡರು ಎಂದು ಬೈದೆ. ಹೊನ್ನಯ್ಯ ಈ ಸಲ ನಗದೆ, "ಮೊದ್ಲು ನಿಮ್ ಕೈ ಎತ್ತಿ, ನೋಡೋಣ" ಎಂದ. ನನ್ನ ಕೈ ಮಂಡಿಯ ಮೇಲಿತ್ತು. ಅಲ್ಲೇ ಇತ್ತು. ಮೂರ್ತಪ್ಪ ಹಿಂದೆ ನಿಂತು ನೋಡುತ್ತಿದ್ದ. ಅವನ ಖಾಯಂ ನೆನಪಾಯಿತು ಎಂದು ಬರೆದರೆ ಅರ್ಧ ನಿಜ. ಹೆದರಿಕೆ ನನ್ನದೇ. ಕಮ್ಯುನಿಸ್ಟರು ಬಂದರೆ ಯಾರೂ ಬಾಯಿಬಿಡುವ ಹಾಗಿಲ್ಲ, ಪಕ್ಕದ ಮನೆಯವನನ್ನು ನಂಬುವ ಹಾಗಿಲ್ಲ ಎಂದು ಹೋಟೆಲಿನಲ್ಲಿ ಹೇಳುತ್ತಿದ್ದರು. ನಮ್ಮ ಲೈನಿಗೆ ಒಬ್ಬ ಕಮ್ಯುನಿಸ್ಟನೂ ಬರಲಿಲ್ಲ ತಾಯಿ. ಇದ್ದೊಬ್ಬನನ್ನೂ, ಅವನು ಹೌದೋ ಅಲ್ಲವೋ, ಕರೆದೊಯ್ದರು. ಮಿಕ್ಕಿದ್ದನ್ನೆಲ್ಲ ನಾವೇ ಮಾಡಿಕೊಂಡೆವು.

ಅದಕ್ಕೇ ನೀನು ಬಾ. ನಾನು ಕರೆದೆ ಎಂದು ಬೇಡ, ನಿನ್ನ ಅತ್ತೆಗಾಗಿ ಬಾ, ಮೂರ್ತಪ್ಪನಿಗಾಗಿ ಬಾ. ಬಂದವಳು ಬಂಗಾರಮ್ಮನ ಜೊತೆ ಮಾತಾಡು, ನಾನು ತಡೆಯುವುದಿಲ್ಲ. ನನ್ನ ಬಾಯಿ ಕೆಟ್ಟದ್ದು, ಅದು ಈ ವಯಸ್ಸಿನಲ್ಲಿ ಸರಿಹೋಗುತ್ತದೆ ಎಂದು ಮಾತು ಕೊಡಲಾರೆ. ಆದರೆ ಮಾಡಿದ್ದು ತಪ್ಪು. ಸೊಸೆಯ ಮುಂದೆ ಹೀಗೆ ಬರೆದ ಮಾವ ನಮ್ಮ ವಂಶದಲ್ಲಿ ಬೇರೆ ಯಾರೂ ಇರಲಿಕ್ಕಿಲ್ಲ.

ನಿಮ್ಮ ತಂದೆತಾಯಿಗಳಿಗೆ ನನ್ನ ನಮಸ್ಕಾರ, ಹುಡುಗರಿಗೆ ಆಶೀರ್ವಾದ. ನೀನು ನೂರು ಕಾಲ ಮುತ್ತೈದೆಯಾಗಿ ಬಾಳು.

ಇಂತು ನಿನ್ನ ಮಾವ,
ಉಜ್ಜನಪ್ಪ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಆಗದೆ ಬಿಟ್ಟದ್ದು. ಈ ಕಾಗದವನ್ನು ಅಂಚೆಗೆ ಹಾಕದೆ, ಸಂತೆಗೆ ಬಂದಿರುವ ನಿಮ್ಮೂರ ಕೃಷ್ಣಪ್ಪನ ಕೈಯಲ್ಲಿ ಕಳಿಸುತ್ತಿದ್ದೇನೆ, ಅಂಚೆಯ ಕಾಗದವನ್ನು ಪೊಲೀಸರು ಒಡೆದು ಓದುತ್ತಾರಂತೆ. ಅವನು ಹೊರಗೆ ಅವಸರ ಮಾಡುತ್ತಿದ್ದಾನೆ. ಶುಕ್ರವಾರ ಪಂಚೆಯುಟ್ಟ ಒಬ್ಬ ಪೊಲೀಸಿನವನು ಮನೆಗೆ ಬಂದಿದ್ದ. ಮೆಟ್ಟು ಹೊರಗೆ ಬಿಟ್ಟು, ಜಗಲಿಯಲ್ಲಿ ಕೂತು, ಬಹಳ ಮರ್ಯಾದೆಯಿಂದ ಮಾತಾಡಿದ. ಹಾಲಸ್ವಾಮಿಯ ಮನೆಗೆ ಸಹಾಯ ಮಾಡಿದವರು ಯಾರು ಎಂದು ಕೇಳಿದ. ಅವನು ಹೊಡೆಯಲಿಲ್ಲ, ಬೆದರಿಸಲಿಲ್ಲ. ನಾನೇ ನಿನ್ನ ಹೆಸರು ಹೇಳಿದೆ. ನಿಮ್ಮ ತಂದೆಯ ಹೆಸರು, ಹೊಳಲೂರಿನ ಮನೆ, ಎಲ್ಲ ಹೇಳಿದೆ. ಅವಳು ನಮ್ಮ ಮನೆಯಲ್ಲಿ ಈಗ ಇಲ್ಲ ಎಂದೂ ಹೇಳಿದೆ. ಮೂರ್ತಪ್ಪನಿಗೆ ಗೊತ್ತಿಲ್ಲ, ನಿನ್ನ ಅತ್ತೆ ಒಳಗಿನಿಂದ ಕೇಳಿಸಿಕೊಂಡಿದ್ದಾಳೆ. ಅಲ್ಲಿಗೆ ಯಾರಾದರೂ ಬಂದರೆ, ಮಾವ ಕೊಡು ಅಂದರು, ಕೊಟ್ಟೆ ಎಂದು ಹೇಳು. ಬೇರೆ ಒಂದು ಮಾತೂ ಬೇಡ. ನಾನು ಈಗ ಇಲ್ಲಿಯ ಠಾಣೆಗೆ ಹೋಗಿ ಹಾಗೇ ಬರೆಸುತ್ತೇನೆ, ಕೂಡಿಹಾಕಿದರೆ ಹಾಕಲಿ. ಸುಳ್ಳು ಹೇಳುವುದಿಲ್ಲ ಎಂದು ನೀನು ಹಟ ಹಿಡಿಯುತ್ತೀಯ, ನಿನ್ನ ಗುಣ ನನಗೆ ಗೊತ್ತು. ಇದೊಂದು ಸುಳ್ಳನ್ನು ನನಗೆ ಬಿಟ್ಟುಕೊಡು ಮಗಳೇ. ಕೂಸಿಗೆ ಜ್ವರ ಬಂದ ದಿನ ಕೆಂಡ ಕೊಡು ಎಂದು ನಾನು ನಿಜವಾಗಿಯೂ ಹೇಳಬೇಕಾಗಿತ್ತು.